ಚಳಿಗಾಲ ಬಂತು, ಹಳೆ ಕಾರಿನ ಹೀಟರ್ ಕೈಕೊಟ್ಟಿತು

ಜನವರಿಯಲ್ಲಿ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಟರ್ ಬಗ್ಗೆಯೇ ಇರುತ್ತವೆ. ಈ ಸಲವೂ ಹಾಗೇ. ಕಾರ್ಬುರೇಟರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಈ ಪುಟ ಪೂರ್ತಿ ಚಳಿಯಲ್ಲಿ ನಡುಗುತ್ತಿರುವವರಿಗೆ.

ಮೈಸೂರಿನಲ್ಲಿ ದೊಡ್ಡಪ್ಪನ ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ನಾನು ಒಂದೇ ಒಂದು ಹೀಟರನ್ನೂ ಬಿಚ್ಚಿರಲಿಲ್ಲ. ಅಲ್ಲಿಗೆ ಬರುತ್ತಿದ್ದ ಅಂಬಾಸಿಡರ್, ಫಿಯಟ್‌ಗಳಲ್ಲಿ ಅದು ಇರುತ್ತಲೇ ಇರಲಿಲ್ಲ. 1974ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಗೆ ಬಂದೆ. ಮೊದಲ ಡಿಸೆಂಬರ್‌ನಲ್ಲೇ ಒಂದು ಮಾರಿಸ್ ಮೈನರ್ ಕಾರು ಹೀಟರ್ ರಿಪೇರಿಗೆ ಬಂತು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ನಿಂತಿದ್ದೆ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ, ನನ್ನ ಕೈ ಹಿಡಿದು ಎರಡು ರಬ್ಬರ್ ಪೈಪುಗಳ ಮೇಲೆ ಇಟ್ಟರು. ಒಂದು ಬೆಚ್ಚಗಿತ್ತು, ಇನ್ನೊಂದು ಮಂಜುಗಡ್ಡೆಯಂತೆ ತಣ್ಣಗಿತ್ತು. ಆ ಹೊತ್ತಿನಿಂದ ಇವತ್ತಿನವರೆಗೂ ನಾನು ಹೀಟರ್ ನೋಡುವುದು ಹಾಗೆಯೇ. ಕೈಯಿಂದ ಮುಟ್ಟಿ ಬಿಸಿ ಎಲ್ಲಿಯವರೆಗೆ ಬಂದಿದೆ ಅಂತ ತಿಳಿದುಕೊಂಡ ಮೇಲೇ ಸ್ಪ್ಯಾನರ್ ಹಿಡಿಯುವುದು.

ಪ್ರಶ್ನೆ: ನಮಸ್ಕಾರ ಸಾರ್. ಹೋದ ಜೂನ್‌ನಲ್ಲಿ 1959ರ ಮಾರಿಸ್ ಮೈನರ್ 1000 ತಗೊಂಡೆ. ಬೇಸಿಗೆಯೆಲ್ಲ ಖುಷಿಯಾಗಿ ಓಡಿಸಿದೆ. ಈಗ ಹೀಟರ್ ಸ್ವಿಚ್ ಹಾಕಿದರೆ ಫ್ಯಾನ್ ಚೆನ್ನಾಗಿ ತಿರುಗುತ್ತದೆ, ಆದರೆ ಬರುವುದು ತಣ್ಣನೆ ಗಾಳಿ. ಅರ್ಧ ಗಂಟೆ ಓಡಿಸಿದರೂ ಅಷ್ಟೇ. ಬಿಸಿ ಹೆಚ್ಚು ಕಮ್ಮಿ ಮಾಡುವ ಗುಂಡಿ ಡ್ಯಾಶ್‌ಬೋರ್ಡಿನಲ್ಲಿ ಎಲ್ಲೂ ಇಲ್ಲ. ಹೀಟರ್ ಹೊಸದು ಹಾಕಿಸಬೇಕಾ?
— ಲೀಡ್ಸ್‌ನ ಓದುಗರು

ಉತ್ತರ: ಹೊಸದು ಬೇಡ. ನೀವು ಹುಡುಕುತ್ತಿರುವ ಗುಂಡಿ ಕಾರಿನ ಒಳಗಿಲ್ಲ, ಎಂಜಿನ್ ಮೇಲಿದೆ.

ನಿಮ್ಮ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ದುಂಡು ಡಬ್ಬಿಯಂತೆ ಕೂತಿರುವ ಸ್ಮಿತ್ಸ್ ಹೀಟರ್ ಇರಬೇಕು. ಅದರೊಳಗೆ ಒಂದು ಪುಟ್ಟ ರೇಡಿಯೇಟರ್, ಒಂದು ಫ್ಯಾನ್, ಅಷ್ಟೇ. ಸ್ವಿಚ್ ತಿರುಗಿಸುವುದು ಫ್ಯಾನ್ ಮಾತ್ರ. ಬಿಸಿ ಬರುವುದು ಎಂಜಿನ್ನಿನ ನೀರಿನಿಂದ. ಕಾದ ನೀರು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಹಿಂತುದಿಯಿಂದ ಹೊರಟು, ಪೈಪಿನ ಮೂಲಕ ಈ ಪುಟ್ಟ ರೇಡಿಯೇಟರಿಗೆ ಬಂದು, ಅಲ್ಲಿ ಬಿಸಿ ಬಿಟ್ಟು, ದೊಡ್ಡ ರೇಡಿಯೇಟರಿನ ಕೆಳಗಿನ ಹೋಸ್ ಸೇರಿ ಮತ್ತೆ ವಾಟರ್ ಪಂಪಿಗೆ ಹೋಗುತ್ತದೆ. ನೀರು ಹೆಡ್ ಬಿಡುವ ಜಾಗದಲ್ಲಿ ಒಂದು ಸಣ್ಣ ನಲ್ಲಿ ಇದೆ. ಚಳಿಗಾಲ ಮುಗಿದ ಮೇಲೆ ಅದನ್ನು ಮುಚ್ಚುವುದು, ಮತ್ತೆ ಚಳಿ ಶುರುವಾದಾಗ ತೆರೆಯುವುದು ಆ ಕಾಲದವರ ರೂಢಿ. ನೀವು ಕಾರು ತಗೊಂಡಿದ್ದು ಜೂನ್‌ನಲ್ಲಿ ಅಲ್ವಾ? ಹಿಂದಿನ ಮಾಲೀಕರು ಅದಕ್ಕೆ ಮೊದಲೇ ಮುಚ್ಚಿರುತ್ತಾರೆ.

ಎಂಜಿನ್ ತಣ್ಣಗಿರುವಾಗ ಅದನ್ನು ಮನೆಯ ನಲ್ಲಿಯಂತೆಯೇ ಎಡಕ್ಕೆ ತಿರುಗಿಸಿ. ತಿರುಗದಿದ್ದರೆ ಇಕ್ಕಳ ಹಾಕಿ ಜಗ್ಗಬೇಡಿ, ಕಡ್ಡಿ ಮುರಿದು ಕೈಗೆ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮಾರನೇ ದಿನ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಲುಗಾಡಿಸುತ್ತಾ ಬಿಡಿಸಿ. ಮುರಿದೇ ಹೋದರೂ ಚಿಂತೆ ಇಲ್ಲ. ಮೈನರ್‌ನ ಬಿಡಿಭಾಗ ಇಂಗ್ಲೆಂಡಿನಲ್ಲಿ ಈಗಲೂ ಸಲೀಸಾಗಿ ಸಿಗುತ್ತವೆ.

ನಲ್ಲಿ ತೆರೆದ ಮೇಲೆ ಎಂಜಿನ್ ಶುರು ಮಾಡಿ 15 ನಿಮಿಷ ಓಡಿಸಿ ಬನ್ನಿ. ಬಾನೆಟ್ ಎತ್ತಿ ಹೀಟರಿಗೆ ಹೋಗುವ ಪೈಪು, ಹೀಟರಿಂದ ಬರುವ ಪೈಪು ಎರಡನ್ನೂ ಮುಟ್ಟಿ. ಮಫ್ಲರ್, ಉದ್ದ ತೋಳಿನ ಸ್ವೆಟರ್ ಏನಿದ್ದರೂ ತೆಗೆದಿಡಿ, ಫ್ಯಾನ್ ಬೆಲ್ಟ್ ಪಕ್ಕದಲ್ಲೇ ತಿರುಗುತ್ತಿರುತ್ತದೆ.

ಎರಡೂ ಬಿಸಿಯಿದ್ದರೆ ನೀರಿನ ಕೆಲಸ ಸರಿಯಾಗಿದೆ, ತೊಂದರೆ ಗಾಳಿಯ ಕಡೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಪುಟ್ಟ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ನಲ್ಲಿಯಿಂದ ನೀರೇ ಹೊರಟಿಲ್ಲ. ಈ ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ಎರಡೂ ಎರಕದ ಕಬ್ಬಿಣದವು. 60 ವರ್ಷದ ತುಕ್ಕು ಕೆಸರಾಗಿ ನಿಧಾನವಾಗಿ ಹರಿಯುವ ಜಾಗದಲ್ಲೆಲ್ಲ ಕೂತಿರುತ್ತದೆ. ನಲ್ಲಿಯ ಬಾಯಿ ಅದಕ್ಕೆ ಸಿಗುವ ಒಳ್ಳೆ ಜಾಗ. ಹೆಡ್ ಮಟ್ಟಕ್ಕಿಂತ ಕೆಳಗೆ ಬರುವಷ್ಟು ನೀರು ಬಸಿದು, ನಲ್ಲಿ ಬಿಚ್ಚಿ, ಹೆಡ್ಡಿನ ತೂತಿಗೆ ಒಂದು ತಂತಿ ಹಾಕಿ ಆಡಿಸಿ. ಕಾಫಿ ಗಸಿಯಂಥ ಕೆಸರು ಬರುತ್ತದೆ. ಕೂಡಿಸುವಾಗ ಗ್ಯಾಸ್ಕೆಟ್ (ಸಂದಿನಲ್ಲಿ ಕೂರುವ ಸೀಲು) ಹೊಸದು ಹಾಕಿ.

ಪುಟ್ಟ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಎರಡೂ ಪೈಪು ಬಿಚ್ಚಿ, ತೋಟದ ಪೈಪಿನಿಂದ ನೀರು ಬಿಡಿ. ಮಾಮೂಲಿ ನೀರು ಹೊರಗೆ ಬರುವ ಬಾಯಿಯಿಂದ ಒಳಕ್ಕೆ ಬಿಡಬೇಕು. ಕಸ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ನಲ್ಲಿ ಪೂರ್ತಿ ಬಿಡಬೇಡಿ. ಹಳೆ ಹಿತ್ತಾಳೆ, ತಾಮ್ರದ ಬೆಸುಗೆ ಜಾಸ್ತಿ ಒತ್ತಡ ತಡೆಯುವುದಿಲ್ಲ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ.

ಗಾಳಿ ಸಿಕ್ಕಿಕೊಂಡಿದ್ದರೆ ಒಂದು ಉಪಾಯ ಇದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾರನ್ನು ಮೂತಿ ಮೇಲಾಗುವಂತೆ ಏರು ಜಾಗದಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ತೆಗೆದು, ನಲ್ಲಿ ತೆರೆದಿಟ್ಟು, ನಿಧಾನವಾಗಿ ತುಂಬಿಸಿ. ಹೀಟರ್ ಪೈಪುಗಳನ್ನು ಕೈಯಿಂದ ಹಿಸುಕುತ್ತಾ ಇರಿ. ಗುಳುಗುಳು ಅಂತ ಗುಳ್ಳೆ ಬಂದು ನೀರು ಇಳಿಯುತ್ತದೆ, ಮತ್ತೆ ತುಂಬಿಸಿ. ಕಾದಿರುವ ರೇಡಿಯೇಟರಿನ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ. ಮುಖದ ಮೇಲೆ ಕುದಿಯುವ ನೀರು ಎರಚಿಸಿಕೊಂಡವರನ್ನು ನಾನು ನೋಡಿದ್ದೇನೆ.

ಇದೆಲ್ಲ ಸರಿಯಿದ್ದೂ ಗಾಳಿ ಉಗುರು ಬೆಚ್ಚಗೇ ಇದ್ದರೆ ಥರ್ಮೋಸ್ಟಾಟ್ ನೋಡಿ. ಎಂಜಿನ್ ಹದವಾಗಿ ಕಾಯುವವರೆಗೆ ನೀರು ದೊಡ್ಡ ರೇಡಿಯೇಟರಿಗೆ ಹೋಗದಂತೆ ತಡೆಯುವ ಸಣ್ಣ ಕವಾಟ ಅದು. ಮೈಸೂರಿನಲ್ಲಿ ದೊಡ್ಡಪ್ಪ ಎಷ್ಟೋ ಕಾರಿನಿಂದ ಥರ್ಮೋಸ್ಟಾಟ್ ತೆಗೆದು ಪಕ್ಕಕ್ಕಿಡುತ್ತಿದ್ದರು. ಎಂಜಿನ್ ತಣ್ಣಗಿರಲಿ ಅನ್ನುವುದು ಅವರ ಲೆಕ್ಕ. ನಮ್ಮ ಕಡೆ ಎಷ್ಟೋ ಗ್ಯಾರೇಜಿನಲ್ಲಿ ಈಗಲೂ ಹೀಗೆ ಮಾಡುತ್ತಾರೆ. ಅದು ಅಲ್ಲಿಯೂ ತಪ್ಪೇ, ಎಂಜಿನ್ ಹದವಾಗಿ ಕಾಯದೆ ಬೇಗ ಸವೆಯುತ್ತದೆ. ಇಂಗ್ಲೆಂಡಿನ ಜನವರಿಯಲ್ಲಂತೂ ಆ ಎಂಜಿನ್ ಕಾಯುವುದೇ ಇಲ್ಲ, ಇನ್ನು ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು? ನಿಮ್ಮ ಎಂಜಿನ್ನಿಗೆ 74, 82, 88 ಡಿಗ್ರಿ ಸೆಲ್ಸಿಯಸ್ ಅಂತ ಮೂರು ಬಗೆಯ ಥರ್ಮೋಸ್ಟಾಟ್ ಸಿಗುತ್ತವೆ. 74 ಸೆಖೆ ಊರಿಗೆ. 82 ಮಾಮೂಲಿ. ಲೀಡ್ಸ್‌ನ ಚಳಿಗಾಲಕ್ಕೆ ನಾನು 88 ಹಾಕುತ್ತೇನೆ. ಒಂದೇ ಒಂದು ಸಣ್ಣ ಭಾಗ, ಎರಡೋ ಮೂರೋ ನಟ್ಟಿನ ಕೆಲಸ. ಆದರೆ ಕಾರಿನ ಒಳಗೆ ಕೂತವರಿಗೆ ತಿಳಿಯುವಷ್ಟು ವ್ಯತ್ಯಾಸ.

ಇನ್ನೊಂದು ಮಾತು. ನಿಮ್ಮ ದುಂಡು ಹೀಟರ್ ಹೊರಗಿನ ಗಾಳಿ ಎಳೆಯುವುದಿಲ್ಲ, ಒಳಗಿನದನ್ನೇ ಮತ್ತೆ ಮತ್ತೆ ಕಾಯಿಸುತ್ತದೆ. ನಾಲ್ಕು ಜನ ಕೂತರೆ ಉಸಿರಿನ ತೇವ ಗಾಜಿನ ಮೇಲೆ ಕೂರುತ್ತದೆ. ಮುಂಬಾಗಿಲಿನ ತ್ರಿಕೋನದ ಗಾಜನ್ನು ಒಂದು ಬೆರಳಷ್ಟು ತೆರೆದಿಡಿ. ಚಳಿ ಬರುತ್ತದೆ ಅಂತ ಮುಚ್ಚಬೇಡಿ.

ಪ್ರಶ್ನೆ: ಸಾರ್, ನನ್ನದು 1968ರ ಮೈನರ್ ಟ್ರಾವೆಲರ್. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದೆ. ಆಗಲೇ ಬ್ಯಾಟರಿಯನ್ನೂ ನೆಗೆಟಿವ್ ಅರ್ತ್ ಮಾಡಿದರು. ಅವತ್ತಿನಿಂದ ಹೀಟರ್ ಗಾಳಿ ಜೋರಿಲ್ಲ. ಫ್ಯಾನ್ ಸದ್ದು ಮಾತ್ರ ಮೊದಲಿನಷ್ಟೇ ಇದೆ. ವಿದ್ಯುತ್ ಕಮ್ಮಿ ಸಿಗುತ್ತಿದೆಯಾ?
— ವುಲ್ವರ್‌ಹ್ಯಾಂಪ್ಟನ್‌ನ ಓದುಗರು

ಉತ್ತರ: ಫ್ಯಾನ್ ಉಲ್ಟಾ ತಿರುಗುತ್ತಿದೆ.

ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತಿತ್ತು. ಅದನ್ನು ಬದಲಾಯಿಸಿದಾಗ ಬಲ್ಬುಗಳಿಗೆ ಏನೂ ಆಗುವುದಿಲ್ಲ. ಆದರೆ ಒಳಗೆ ಅಯಸ್ಕಾಂತ ಕೂಡಿಸಿರುವ ಮೋಟಾರ್ ತಿರುಗುವ ದಿಕ್ಕು ಬದಲಾಗುತ್ತದೆ. ಡ್ರಮ್ಮಿನಂಥ ಫ್ಯಾನ್ ಯಾವ ಕಡೆ ತಿರುಗಿದರೂ ಗಾಳಿಯನ್ನು ಹೊರಕ್ಕೇ ತಳ್ಳುತ್ತದೆ. ಉಲ್ಟಾ ತಿರುಗಿದಾಗ ಅದರ ರೆಕ್ಕೆಗಳಿಗೆ ಗಾಳಿ ಸರಿಯಾಗಿ ಸಿಗುವುದಿಲ್ಲ, ಅಷ್ಟೇ. ಅದಕ್ಕೇ ಸದ್ದು ಇದೆ, ಜೋರಿಲ್ಲ. ಮೋಟಾರಿಗೆ ಬರುವ ಎರಡು ತಂತಿಗಳನ್ನು ಅದಲು ಬದಲು ಮಾಡಿ. ಐದು ನಿಮಿಷದ ಕೆಲಸ.

ಆಲ್ಟರ್ನೇಟರ್ ಹಾಕಿಸಿದ್ದು ಮಾತ್ರ ಒಳ್ಳೆಯದಾಯಿತು. ಲೂಕಸ್ ಸಿ40 ಡೈನಮೋ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಅದೂ ಇಲ್ಲ. ಮಳೆಯ ಸಂಜೆ ಹೆಡ್‌ಲೈಟ್, ವೈಪರ್, ಹೀಟರ್ ಮೂರೂ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತಲೇ ಇರುತ್ತಿತ್ತು.

ಪ್ರಶ್ನೆ: ಅಂಕಲ್, ನಾನು 1970ರ ಫೋಕ್ಸ್‌ವ್ಯಾಗನ್ ಬೀಟಲ್ ಓಡಿಸುತ್ತೇನೆ. ಹ್ಯಾಂಡ್‌ಬ್ರೇಕ್ ಪಕ್ಕದ ಲಿವರ್ ಎತ್ತಿದರೆ ಕಾಲಿನ ಹತ್ತಿರ ಬಲಗಡೆ ಸ್ವಲ್ಪ ಬಿಸಿ ಬರುತ್ತದೆ, ಎಡಗಡೆ ಏನೂ ಇಲ್ಲ. ಬರುವ ಗಾಳಿಯಲ್ಲಿ ಹೊಗೆಯ ವಾಸನೆ ಇದೆ. ಆಫೀಸು ತಲುಪುವ ಹೊತ್ತಿಗೆ ತಲೆನೋವು. ಮುಖ್ಯವಾಗಿ ಎಡಗಡೆ ಬಿಸಿ ಬರುವಂತೆ ಮಾಡುವುದು ಹೇಗೆ?
— ನ್ಯೂಜೆರ್ಸಿಯ ಓದುಗರು

ಉತ್ತರ: ಮಗಳೇ, ಎಡಗಡೆಯ ಮಾತು ಆಮೇಲೆ. ಇವತ್ತಿನಿಂದಲೇ ಆ ಹೀಟರ್ ಬಳಸುವುದನ್ನು ನಿಲ್ಲಿಸು. ರಿಪೇರಿ ಆಗುವವರೆಗೆ ಲಿವರ್ ಎತ್ತಲೇಬೇಡ. ಗ್ಯಾರೇಜಿಗೆ ಒಯ್ಯುವಾಗಲೂ ಎರಡು ಕಿಟಕಿ ತೆರೆದಿಟ್ಟು ಓಡಿಸು. ಮಕ್ಕಳನ್ನು ಕೂರಿಸಿಕೊಳ್ಳಬೇಡ.

ಯಾಕೆ ಅಂತ ಹೇಳುತ್ತೇನೆ. ಬೀಟಲ್‌ನಲ್ಲಿ ನೀರೇ ಇಲ್ಲ. ಎಂಜಿನ್ ತಣ್ಣಗಿಡುವ ದೊಡ್ಡ ಫ್ಯಾನ್ ಇದೆಯಲ್ಲ, ಅದರ ಗಾಳಿಯಲ್ಲಿ ಒಂದು ಪಾಲು ಎರಡು ಪೈಪುಗಳಲ್ಲಿ ಕೆಳಗಿಳಿದು, ಎಂಜಿನ್ನಿನ ಎರಡೂ ಬದಿಯ ಹೀಟ್ ಎಕ್ಸ್‌ಚೇಂಜರ್‌ಗಳ ಮೂಲಕ ಹೋಗುತ್ತದೆ. ಎಕ್ಸ್‌ಚೇಂಜರ್ ಅಂದರೆ ಸೈಲೆನ್ಸರ್ ಕಡೆಗೆ ಹೋಗುವ ಹೊಗೆ ಪೈಪಿನ ಸುತ್ತ ತಗಡಿನ ಹೊದಿಕೆ. ನಡುವಿನ ಪೈಪಿನಲ್ಲಿ ಹೊಗೆ, ಅದರ ಹೊರಗೆ ನಿನ್ನ ಗಾಳಿ. ಆ ಪೈಪು ತುಕ್ಕು ಹಿಡಿದು ತೂತಾದರೆ ಹೊಗೆ ನೇರ ಕಾರಿನ ಒಳಕ್ಕೆ ಬರುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿನಗೆ ಬರುತ್ತಿರುವ ವಾಸನೆ ಹೊಗೆಯಲ್ಲಿರುವ ಬೇರೆ ವಸ್ತುಗಳದ್ದು, ಅದು ಬಂದಿದ್ದೇ ಒಳ್ಳೆಯದಾಯಿತು. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಮಂಪರು ಬಂದ ಮೇಲೆ ಕಿಟಕಿ ತೆರೆಯಬೇಕು ಅಂತಲೂ ತೋಚುವುದಿಲ್ಲ. ಕಾರು ಓಡಿಸಿದ ಮೇಲೆ ತಲೆನೋವು ಇದ್ದರೆ ಡಾಕ್ಟರ ಹತ್ತಿರ ಹೋಗಿ ಹೀಗೆ ಅಂತ ಹೇಳಿ ಪರೀಕ್ಷೆ ಮಾಡಿಸಿಕೋ.

1980ರ ದಶಕದಲ್ಲಿ ನಮ್ಮ ಗ್ಯಾರೇಜಿಗೆ ಬೀಟಲ್ ತರುತ್ತಿದ್ದ ಒಬ್ಬರಿಗೆ ಚಳಿಗಾಲ ಪೂರ್ತಿ ತಲೆನೋವು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡಿದ್ದರು. ಕಾರನ್ನು ಎತ್ತಿ ನೋಡಿದೆ. ಎಡ ಎಕ್ಸ್‌ಚೇಂಜರಿನ ಪೈಪಿನಲ್ಲಿ ನನ್ನ ಕಿರುಬೆರಳು ತೂರುವಷ್ಟು ತೂತು. ಅದನ್ನು ಅವರಿಗೆ ತೋರಿಸುವಾಗ ನನ್ನ ಕೈ ನಡುಗುತ್ತಿತ್ತು. ಅವರ ಪಕ್ಕದ ಸೀಟಿನಲ್ಲಿ ದಿನಾ ಸ್ಕೂಲಿಗೆ ಹೋಗುತ್ತಿದ್ದ ಮಗು ನೆನಪಾಯಿತು.

ಗ್ಯಾರೇಜಿನವರಿಗೆ ಹೀಗೆ ಹೇಳು. ಎರಡೂ ಎಕ್ಸ್‌ಚೇಂಜರ್ ಬಿಚ್ಚಿ ಒಳಗಿನ ಪೈಪನ್ನು ಒತ್ತಡ ಹಾಕಿ ಪರೀಕ್ಷೆ ಮಾಡಲಿ, ಮೇಲಿಂದ ಟಾರ್ಚ್ ಬಿಟ್ಟು ನೋಡಿ ಸರಿಯಿದೆ ಅನ್ನುವುದು ಬೇಡ. ತೂತಿದ್ದರೆ ತೇಪೆ ಹಾಕುವುದಲ್ಲ, ಬದಲಾಯಿಸುವುದು. ಹೊಸದು ತಗೊಳ್ಳುವಾಗ ಒಳಗೆ ಬಿಸಿ ಹೀರುವ ರೆಕ್ಕೆಗಳು ಎಷ್ಟಿವೆ ನೋಡಿ. ಅಗ್ಗದ ಕೆಲವದರಲ್ಲಿ ರೆಕ್ಕೆಯೇ ಸರಿಯಾಗಿರುವುದಿಲ್ಲ. ಕೂತುಕೊಳ್ಳುತ್ತವೆ, ಬಿಸಿ ಕೊಡುವುದಿಲ್ಲ. ಎಕ್ಸ್‌ಚೇಂಜರ್ ಹೆಡ್ಡಿಗೆ ಸೇರುವ ಗ್ಯಾಸ್ಕೆಟ್‌ಗಳೂ ಹೊಸದಾಗಬೇಕು.

ಹೊಗೆ ಬರಲು ಇನ್ನೊಂದು ದಾರಿಯೂ ಇದೆ, ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಎಂಜಿನ್ ಸುತ್ತ ತಗಡಿನ ತಟ್ಟೆಗಳು, ಅವುಗಳ ಅಂಚಿಗೆ ರಬ್ಬರ್ ಪಟ್ಟಿ ಇರುತ್ತವೆ. ಕೆಳಗಿನ ಬಿಸಿ, ಹೊಗೆ ಮೇಲೆ ಬರದಂತೆ ತಡೆಯುವುದು ಅವುಗಳ ಕೆಲಸ. ರಬ್ಬರ್ ಉದುರಿ ಹೋಗಿದ್ದರೆ ಕೆಳಗಿನ ಹೊಗೆಯನ್ನು ಫ್ಯಾನೇ ಎಳೆದುಕೊಂಡು ಹೀಟರಿಗೆ ಕಳಿಸುತ್ತದೆ. ಎಂಜಿನ್ ಆಯಿಲ್ ಸೋರಿ ಸುಟ್ಟರೂ, ಪೆಟ್ರೋಲ್ ಪೈಪು ಒಸರಿದರೂ ಅದೇ ಹಾದಿಯಲ್ಲಿ ವಾಸನೆ ಒಳಗೆ ಬರುತ್ತದೆ. ಪೆಟ್ರೋಲ್ ವಾಸನೆ ಬಂದರಂತೂ ಕಾರನ್ನು ಅಲ್ಲೇ ನಿಲ್ಲಿಸಬೇಕು.

ಈಗ ನಿನ್ನ ಪ್ರಶ್ನೆ. ಬಲಗಡೆಯ ಲಿವರ್ ಎತ್ತಿದಾಗ ಎರಡು ಕೇಬಲ್ ಹಿಂದಕ್ಕೆ ಹೋಗಿ ಎರಡು ಎಕ್ಸ್‌ಚೇಂಜರಿನ ಮುಂದಿರುವ ಡಬ್ಬಿಗಳ ಮುಚ್ಚಳ ತೆರೆಯಬೇಕು. ಎಡಗಡೆಯ ಲಿವರ್ ಇರುವುದು ಹಿಂದಿನ ಸೀಟಿನವರ ಕಾಲಿಗೆ ಗಾಳಿ ಬಿಡಲು. ನಿನ್ನ ಕಾರಿನಲ್ಲಿ ಎಡ ಕೇಬಲ್ ತುಂಡಾಗಿದೆ, ಇಲ್ಲವೇ ಕೇಬಲ್ ತುದಿ ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗಿದೆ ಅಂತ ನನ್ನ ಅಂದಾಜು. ಒಬ್ಬರು ಲಿವರ್ ಎತ್ತಲಿ, ಇನ್ನೊಬ್ಬರು ಕೆಳಗಿಂದ ಎರಡೂ ಮುಚ್ಚಳದ ಕೈ ಅಲುಗುತ್ತದೆಯಾ ನೋಡಲಿ. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಕೊಡಬೇಕು.

ಎರಡೂ ಅಲುಗಿದರೆ ಮುಂದಿನ ಅನುಮಾನ ಬಾಗಿಲ ಕೆಳಗಿನ ಪಟ್ಟಿಯದು. ಬಿಸಿ ಗಾಳಿ ಹಿಂದಿನಿಂದ ಮುಂದಕ್ಕೆ ಬರುವುದು ಆ ಟೊಳ್ಳು ಪಟ್ಟಿಗಳ ಒಳಗೇ. ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಪಟ್ಟಿ ಒಳಗಿಂದಲೇ ತಿಂದು ಹೋಗಿ ಬಿಸಿಯೆಲ್ಲ ರಸ್ತೆಗೆ ಸೋರುತ್ತದೆ. ಕಾರಿನ ಮೈಗೆ ಬಲ ಕೊಡುವುದೂ ಅದೇ ಪಟ್ಟಿ. ಹಾಗಾಗಿ ಅದು ಹೋಗಿದ್ದರೆ ಹೀಟರ್ ಮಾತು ಬಿಡು, ಕಾರಿನ ಗಟ್ಟಿತನಕ್ಕಾಗಿಯೇ ವೆಲ್ಡ್ ಮಾಡಿಸಬೇಕು.

ಎಲ್ಲ ಸರಿಯಾದ ಮೇಲೆ ಬಳಸುವ ಕ್ರಮ ಹೀಗೆ. ಬೆಳಿಗ್ಗೆ ಗಾಜಿಗೆ ಮಂಜು ಹಿಡಿದಿದ್ದರೆ ಕಾಲಿನ ಹತ್ತಿರದ ಕಿಂಡಿ ಮುಚ್ಚು, ಬಿಸಿಯೆಲ್ಲ ಗಾಜಿಗೆ ಹೋಗುತ್ತದೆ. ಗಾಳಿ ತಳ್ಳುವುದು ಎಂಜಿನ್ ಜೊತೆಗೇ ತಿರುಗುವ ಫ್ಯಾನ್. ನಿಂತಲ್ಲಿ ಬಿಸಿ ಕಮ್ಮಿ, ಓಡುವಾಗ ಜಾಸ್ತಿ. ಒಂದು ಗೇರ್ ಕೆಳಗಿಟ್ಟು ಓಡಿಸಿದರೆ ಇನ್ನೂ ಬೇಗ ಬರುತ್ತದೆ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ತಂದು ಕಾರಿನಲ್ಲಿಡು. ರಿಪೇರಿ ಆದ ಮೇಲೂ ಅದನ್ನು ತೆಗೆಯಬೇಡ. ಪರೀಕ್ಷೆಯಲ್ಲಿ ಏನು ಸಿಕ್ಕಿತು ಅಂತ ನನಗೆ ಬರೆದು ತಿಳಿಸು, ಕಾಯುತ್ತಿರುತ್ತೇನೆ.

ಪ್ರಶ್ನೆ: ನನ್ನದು 1972ರ ಎಂಜಿಬಿ ಕಾರು. ಹೀಟರ್ ಹಾಕಿದಾಗ ಸಿಹಿ ಸಿಹಿ ವಾಸನೆ. ಮುಂದಿನ ಗಾಜಿನ ಒಳಗಡೆ ಜಿಡ್ಡು, ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಕಾಲಡಿಯ ಕಾರ್ಪೆಟ್ ಒದ್ದೆ. ಒಂದು ಪುಡಿ ಹಾಕಿದರೆ ಸೋರಿಕೆ ನಿಲ್ಲುತ್ತದೆ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಹಾಕಲೇ?
— ಮ್ಯಾಂಚೆಸ್ಟರ್‌ನ ಓದುಗರು

ಉತ್ತರ: ಹಾಕಬೇಡಿ. ಆ ಪುಡಿಗೆ ಸೋರುವ ತೂತು ಯಾವುದು, ನೀರು ಹರಿಯುವ ತೂತು ಯಾವುದು ಅಂತ ಗೊತ್ತಾಗುವುದಿಲ್ಲ. ಹೀಟರಿನ ಸಣ್ಣ ಕೊಳವೆಗಳನ್ನೇ ಮೊದಲು ಮುಚ್ಚುತ್ತದೆ.

ನೀವು ಹೇಳಿದ ಮೂರೂ ಗುರುತು ಒಂದೇ ಕಡೆ ಬೆರಳು ತೋರಿಸುತ್ತವೆ. ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ. ಆ ಸಿಹಿ ವಾಸನೆ ನೀರು ಹೆಪ್ಪುಗಟ್ಟದಂತೆ ಬೆರೆಸುವ ಆ್ಯಂಟಿಫ್ರೀಜ್‌ನದು. ಜಿಡ್ಡು ಅಂದರೆ ಅದೇ ಆವಿಯಾಗಿ ಗಾಜಿನ ಮೇಲೆ ಕೂತಿದ್ದು. ಅದು ವಿಷ. ನಾಯಿಗಳಿಗೆ ಅದರ ಸಿಹಿ ಇಷ್ಟ. ನಾಯಿಯಾಗಲಿ ಬೆಕ್ಕಾಗಲಿ, ಸ್ವಲ್ಪ ನೆಕ್ಕಿದರೂ ಮೂತ್ರಪಿಂಡ ಹೋಗಬಹುದು. ಒದ್ದೆ ಕಾರ್ಪೆಟ್ ತೆಗೆದು ಚೆನ್ನಾಗಿ ತೊಳೆದು ಒಣಗಿಸಿ. ನೆಲಕ್ಕೆ ಬಿದ್ದ ಹನಿಯನ್ನೂ ಬಿಡಬೇಡಿ.

ಸದ್ಯಕ್ಕೆ ಹೀಟರಿಗೆ ಹೋಗುವ ಮತ್ತು ಬರುವ ಪೈಪುಗಳನ್ನು ಬಿಚ್ಚಿ, ಹೀಟರನ್ನು ಬಿಟ್ಟು ಒಂದಕ್ಕೊಂದು ಸೇರಿಸಿ. ಕಾರು ಓಡುತ್ತದೆ, ಚಳಿ ಮಾತ್ರ ತಡೆದುಕೊಳ್ಳಬೇಕು. ಆಮೇಲೆ ಒಂದು ಇಡೀ ಶನಿವಾರ ಬಿಡುವು ಮಾಡಿಕೊಂಡು ಹೀಟರ್ ಡಬ್ಬಿ ಹೊರಗೆ ತೆಗೆಯಿರಿ. ಎಂಜಿಬಿಯಲ್ಲಿ ಇದು ತಾಳ್ಮೆಯ ಕೆಲಸ. ಒಳಗಿನ ಗಾಳಿ ಕೊಳವೆ, ಕೇಬಲ್ ಎಲ್ಲ ಬಿಡಿಸಿ, ಸುತ್ತಲಿನ ಸ್ಕ್ರೂ ತೆಗೆದ ಮೇಲೂ ಡಬ್ಬಿ ಹಳೆ ಸೀಲಿಗೆ ಅಂಟಿಕೊಂಡು ಬರುವುದಿಲ್ಲ. ಸುತ್ತ ಚಪ್ಪಟೆ ಪಟ್ಟಿ ಆಡಿಸಿ, ನಿಧಾನವಾಗಿ ಮೇಲಕ್ಕೆತ್ತಿ. ಇಷ್ಟು ಕಷ್ಟಪಟ್ಟು ತೆಗೆದ ಮೇಲೆ ರೇಡಿಯೇಟರ್ ಒಂದನ್ನೇ ಸರಿ ಮಾಡಿ ವಾಪಸ್ ಕೂರಿಸಬೇಡಿ. ಮುಚ್ಚಳಗಳ ಅಂಚಿನ ಫೋಮ್ ಇಷ್ಟು ಹೊತ್ತಿಗೆ ಪುಡಿಯಾಗಿರುತ್ತದೆ. ರೇಡಿಯೇಟರ್ ಸುತ್ತಲಿನ ಫೋಮ್ ಇಲ್ಲದಿದ್ದರೆ ಗಾಳಿ ಅದರ ಮೂಲಕ ಹೋಗದೆ ಪಕ್ಕದಿಂದ ನುಸುಳಿ ತಣ್ಣಗೇ ಬರುತ್ತದೆ. ಎರಡೂ ಪೈಪು ಬಿಸಿಯಿದ್ದೂ ಗಾಳಿ ತಣ್ಣಗಿರುವ ಎಂಜಿಬಿಗಳಲ್ಲಿ ನಾನು ಹೆಚ್ಚಾಗಿ ಕಂಡಿದ್ದು ಇದನ್ನೇ. ಕೊನೆಗೆ ಅರ್ಧ ನೀರು, ಅರ್ಧ ಆ್ಯಂಟಿಫ್ರೀಜ್ ತುಂಬಿಸಿ. ಮೈನಸ್ 35 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪನ ಕಾಲದ ಪೆಟ್ರೋಲ್ ಅಂಬಾಸಿಡರ್ ಇದೆ. ಮಳೆಗಾಲದಲ್ಲಿ ಒಳಗಿನ ಗಾಜಿಗೆ ಮಂಜು ಹಿಡಿದು ಮುಂದೆ ಏನೂ ಕಾಣುವುದಿಲ್ಲ. ಸಿಗರೇಟ್ ಲೈಟರ್ ತೂತಿಗೆ ಸಿಗಿಸುವ ಸಣ್ಣ ಹೀಟರ್ ಸಿಗುತ್ತಂತೆ. ತಗೊಳ್ಳಬಹುದಾ?
— ಮಡಿಕೇರಿಯ ಓದುಗರು

ಉತ್ತರ: ತಗೊಳ್ಳಬೇಡಿ ಅಮ್ಮ. ಅವು ಹೆಚ್ಚೆಂದರೆ 150 ವ್ಯಾಟ್. ಅಂಗೈ ಬೆಚ್ಚಗಾಗಬಹುದು, ಅಷ್ಟು ದೊಡ್ಡ ಗಾಜು ಒಣಗುವುದಿಲ್ಲ. ಅಷ್ಟಕ್ಕೇ 12 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಹಳೆ ತಂತಿ ಕಾದು ಕರಗುವ ಭಯ ಬೇರೆ.

ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ. ಕಾಲಡಿಯ ಮ್ಯಾಟ್ ಎತ್ತಿ ಕೆಳಗೆ ಕೈಯಾಡಿಸಿ. ಕೊಡಗಿನ ಮಳೆಗೆ ಅಲ್ಲಿ ನೀರು ನಿಂತೇ ಇರುತ್ತದೆ. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಒದ್ದೆ ಕೊಡೆಯನ್ನು ಡಿಕ್ಕಿಯಲ್ಲಿಡಿ. ಗಾಜನ್ನು ಒಳಗಡೆಯಿಂದ ಸೋಪು ನೀರಿನಲ್ಲಿ ತೊಳೆದು ಹಳೆ ಪೇಪರಿನಿಂದ ಉಜ್ಜಿ. ಜಿಡ್ಡಿದ್ದ ಗಾಜಿಗೆ ಮಂಜು ಬೇಗ ಹಿಡಿಯುತ್ತದೆ. ಓಡಿಸುವಾಗ ಎರಡೂ ಕಡೆಯ ತ್ರಿಕೋನದ ಗಾಜು ಸ್ವಲ್ಪ ತೆರೆದಿರಲಿ.

ಇಷ್ಟಾದ ಮೇಲೂ ಬೇಕೇ ಬೇಕು ಅನಿಸಿದರೆ ನೀರಿನ ಹೀಟರ್ ಕೂರಿಸಬಹುದು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. 1993ರಲ್ಲಿ ಕೆಲವೇ ಅಂಬಾಸಿಡರ್‌ಗಳನ್ನು ಬ್ರಿಟನ್ನಿಗೆ ತಂದು ಮಾರಿದಾಗ ಅವಕ್ಕೆ ಹೀಟರ್ ಕೂಡಿಸಿಯೇ ಮಾರಬೇಕಾಯಿತು. ನಿಮ್ಮದರಲ್ಲಿ ಹಳೆ 1489 ಸಿಸಿ ಎಂಜಿನ್ ಇದ್ದು, ಹೆಡ್ಡಿನ ಹಿಂತುದಿಯಲ್ಲಿ ಸಣ್ಣ ಪ್ಲೇಟ್ ಹಾಕಿ ಮುಚ್ಚಿದ ಬಾಯಿ ಇದ್ದರೆ ನೀರು ತೆಗೆಯಲು ಅದೇ ಜಾಗ. ಅನುಭವ ಇರುವ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಥರ್ಮೋಸ್ಟಾಟ್ ತೆಗೆದಿದ್ದರೆ ಮೊದಲು ಅದನ್ನು ಹಾಕಿಸಿ. ಇಲ್ಲದಿದ್ದರೆ ಮಡಿಕೇರಿಯ ಜುಲೈನಲ್ಲಿ ಹೀಟರ್ ಕೂರಿಸಿದ ಖರ್ಚು ಸುಮ್ನೆ ಹೋಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಹೀಟರ್ ನಲ್ಲಿಯನ್ನು ಪೂರ್ತಿ ಮುಚ್ಚಿಟ್ಟರೆ ತೊಂದರೆಯಾ?
— ಬರ್ಮಿಂಗ್‌ಹ್ಯಾಮ್‌ನ ಓದುಗರು

ಉತ್ತರ: ಮುಚ್ಚಬಹುದು, ಆದರೆ ತಿಂಗಳಿಗೊಮ್ಮೆ ತೆರೆದು ಹತ್ತು ನಿಮಿಷ ಓಡಿಸಿ. ನೀರು ನಿಂತಲ್ಲೇ ಕೆಸರು ಕೂರುವುದು, ಆಡಿಸದ ನಲ್ಲಿಯೇ ಜಾಮ್ ಆಗುವುದು.

1976ರ ಬೇಸಿಗೆ ಇಲ್ಲಿ ಭಯಂಕರ ಸೆಖೆ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ಸ್ನೇಕ್ ಪಾಸ್ ಏರುವಾಗ ನನ್ನ ಮೈನರ್ ಬಾನೆಟ್ಟಿನಿಂದ ಕಾದ ವಾಸನೆ ಬರತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಹೀಟರ್ ನಲ್ಲಿ ತೆರೆದೆ. ಆ ತಿಂಗಳೇ ಅದನ್ನು ಆಡಿಸಿದ್ದರಿಂದ ಸಲೀಸಾಗಿ ತಿರುಗಿತು. ಫ್ಯಾನ್ ಹಾಕಿ, ಕಿಟಕಿಗಳೆಲ್ಲ ತೆರೆದು, ಬೆವರು ಸುರಿಸುತ್ತಾ ಮೇಲಿನವರೆಗೆ ಓಡಿಸಿದೆ. ಎಂಜಿನ್ನಿಗೆ ಎರಡನೇ ರೇಡಿಯೇಟರ್ ಸಿಕ್ಕ ಹಾಗಾಯಿತು, ಕುದಿಯದೆ ತಲುಪಿತು. ನಿಮ್ಮ ಕಾರಿನಲ್ಲೂ ಏರಿನಲ್ಲಿ ಕಾವು ಹೆಚ್ಚಾದರೆ ಹೀಗೇ ಮಾಡಿ. ನೀರು ಕಮ್ಮಿಯಾಗಿ ಕಾದಿದ್ದರೆ ಮಾತ್ರ ಇದರಿಂದ ಉಪಯೋಗ ಇಲ್ಲ. ಆಗ ಎಂಜಿನ್ ಆಫ್ ಮಾಡಿ, ಮುಚ್ಚಳ ಮುಟ್ಟದೆ ಒಂದು ಗಂಟೆ ಕಾಯಿರಿ.